ಸೆಪ್ಟೆಂಬರ್ 17ರ ಪೇಪರಿನಲ್ಲಿ ಅರ್ಧ ಕಥೆ

ಕಾರ್ಗಿಲ್ ಅಂದ್ರೆ ಟಿವಿ ಚಿತ್ರಗಳು ಕಣ್ಣಮುಂದೆ ಬರ್ತಾವೆ. ಆದ್ರೆ ನಮ್ಮ ಗೊಬ್ಬೂರಿನ ಸೀಮೆ ಕಂಡ ಯುದ್ಧಕ್ಕೆ ಯುದ್ಧ ಅನ್ನೋ ಹೆಸರೇ ಇಲ್ಲ!

1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನದೊಳಗೆ ಬಂತು, 17ಕ್ಕೆ ನಿಜಾಮ ಸೋಲೊಪ್ಪಿದ. ಟ್ಯಾಂಕು, ವಿಮಾನ ಎಲ್ಲಾ ಇದ್ದರೂ ಸರ್ಕಾರ ಕರೆದದ್ದು ‘ಪೊಲೀಸ್ ಕಾರ್ಯಾಚರಣೆ’ ಅಂತ. ಪತ್ರಿಕೆಗಳು ಇವತ್ತಿಗೂ ಅದೇ ಪದ ಬಳಸ್ತಾವೆ.

ಪ್ರತಿವರ್ಷ ಸೆಪ್ಟೆಂಬರ್ 17ಕ್ಕೆ ವಿಶೇಷ ಪುಟ ಬರುತ್ತೆ: ಪಟೇಲರು, ರಜಾಕಾರರ ದೌರ್ಜನ್ಯ, ಬೀದರಿನ ಗೋರ್ಟಾ ಹತ್ಯಾಕಾಂಡ. ಬರಲೇಬೇಕು. ಭಾರತಕ್ಕೆ ಸೇರಬೇಕು ಅಂತ ಬರೆದದ್ದಕ್ಕೇ ‘ಇಮ್ರೋಜ್’ ಉರ್ದು ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಆ ಆಗಸ್ಟಿನಲ್ಲಿ ಕೊಲೆಯಾದರು. ಅವರನ್ನು ಎಷ್ಟು ಪುಟ ನೆನೆಯುತ್ತೆ?

ಇನ್ನೊಂದು ಅರ್ಧವೂ ಇದೆ. ಕಾರ್ಯಾಚರಣೆಯ ಹೊತ್ತಿಗೆ ಮತ್ತು ಆಮೇಲೆ ನಡೆದ ಸೇಡಿನ ಹಿಂಸೆಯಲ್ಲಿ 27,000ದಿಂದ 40,000 ಜನ ಸತ್ತರು ಅಂತ ಸುಂದರಲಾಲ್ ಸಮಿತಿ ಅಂದಾಜಿಸಿತ್ತು, ಬಹುಪಾಲು ಮುಸ್ಲಿಮರು. ಹೆಚ್ಚು ನರಳಿದ ಜಿಲ್ಲೆಗಳಲ್ಲಿ ನಮ್ಮ ಗುಲ್ಬರ್ಗಾವೂ ಒಂದು. ವರದಿಯನ್ನು ಸರ್ಕಾರ ಪ್ರಕಟಿಸಲೇ ಇಲ್ಲ. 2013ರಲ್ಲಿ ಬಿಬಿಸಿ ಬರೆದಾಗ ಹೊರಗಿನವರಿಗೂ ತಿಳಿಯಿತು.

ಒಂದು ಸಾವು ಹೇಳಿದ್ರೆ ಇನ್ನೊಂದು ಸಣ್ಣದಾಗೋದಿಲ್ಲ. ಅವತ್ತು ಹತ್ತು ವರ್ಷದವರಾಗಿದ್ದವರು ಈಗ ಎಂಬತ್ತೈದು ದಾಟಿದ್ದಾರೆ. ಭಾಷಣದ ಫೋಟೋ ಸಾಕು, ಅವರ ಮಾತು ಅಚ್ಚಾಗಲಿ... ನೀವೇನಂತೀರಿ?