ಆರು ತಿಂಗಳ ಮುದ್ರೆ

ಗಡಿ ಎಂಬುದು ನಮ್ಮ ಹೊಳಲ್ಕೆರೆ ಸೀಮೆಯವರಿಗೆ ಹೊಸ ವಿಷಯವೇನಲ್ಲ. ಸ್ವಾತಂತ್ರ್ಯಪೂರ್ವದಲ್ಲಿ ಚಿತ್ರದುರ್ಗವು ಮೈಸೂರು ಸಂಸ್ಥಾನದ ಉತ್ತರದ ಅಂಚಿನ ಜಿಲ್ಲೆಯಾಗಿತ್ತು. ಆಗ ನಮ್ಮ ಜಿಲ್ಲೆಗೇ ಸೇರಿದ್ದ ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿದರೆ ಮುಂಬಯಿ ಪ್ರಾಂತ. ಮೊಳಕಾಲ್ಮೂರಿನ ಆಚೆ ಮದರಾಸು ಪ್ರಾಂತದ ಬಳ್ಳಾರಿ. ಚಿಕ್ಕಜಾಜೂರಿನಲ್ಲಿ ರೈಲು ಹತ್ತಿದವನು ಹೊಳೆ ದಾಟುವಷ್ಟರಲ್ಲಿ ಇನ್ನೊಂದು ಆಡಳಿತಕ್ಕೆ ಒಳಪಡುತ್ತಿದ್ದ. ಆದರೂ ಎಷ್ಟು ದಿನ ಇರುವೆ ಎಂದು ಯಾವ ಅಧಿಕಾರಿಯೂ ಕೇಳುತ್ತಿರಲಿಲ್ಲ. ಅದು ನೆಂಟರ ಮುಖ ನೋಡಿ ತೀರ್ಮಾನವಾಗುವ ಸಂಗತಿಯಾಗಿತ್ತು.

ದೇಶದ ಗಡಿಯ ಕಥೆ ಬೇರೆ. 1920ರ ಕಾಯಿದೆಯು ಭಾರತದೊಳಗೆ ಬರುವವರಿಗೆ ಪಾಸ್‌ಪೋರ್ಟನ್ನು ವಿಧಿಸಿತು. ಹೊರಗೆ ಹೋಗಬಯಸುವವರಿಗೆ ಪಾಸ್‌ಪೋರ್ಟ್ ಕೊಡುವುದು ಬಿಡುವುದು ಬಹುಕಾಲ ಸರ್ಕಾರದ ಮರ್ಜಿಗೆ ಬಿಟ್ಟದ್ದಾಗಿತ್ತು. ವಿದೇಶಪ್ರಯಾಣವೂ ವ್ಯಕ್ತಿಸ್ವಾತಂತ್ರ್ಯದ ಅಂಗವೆಂದು ಸರ್ವೋಚ್ಚ ನ್ಯಾಯಾಲಯವು 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಮೊಕದ್ದಮೆಯಲ್ಲಿ ತೀರ್ಪಿತ್ತ ಮೇಲೆಯೇ, ಅದೇ ವರ್ಷ, ಇಂದಿನ ಪಾಸ್‌ಪೋರ್ಟ್ ಕಾಯಿದೆ ಹುಟ್ಟಿತು.

ಅತ್ತ ಅಮೆರಿಕವು 1965ರಲ್ಲಿ ತನ್ನ ವಲಸೆ ಕಾನೂನನ್ನು ಸಡಿಲಿಸಿತು. 1990ರ ಕಾನೂನು ಎಚ್-1ಬಿ ವೀಸಾವನ್ನು ತಂದಿತು. ನಮ್ಮ ಸೀಮೆಯ ಮಕ್ಕಳೂ ಕಡಲು ದಾಟಿದರು. ಅವರ ಹಿಂದೆಯೇ, ಬಾಣಂತನಕ್ಕೆಂದು, ಮೊಮ್ಮಕ್ಕಳನ್ನು ನೋಡಲೆಂದು ತಂದೆತಾಯಿಗಳು ಹೊರಟರು. ಕಾನೂನಿನ ಕಣ್ಣಿಗೆ ಇವರು ಬಿ-2 ವರ್ಗದ ಪ್ರವಾಸಿಗಳು. ಎಣ್ಣೆನೀರು ಎರೆಯಲು ಬಂದ ಅಜ್ಜಿಗೂ ನಯಾಗರ ನೋಡಲು ಬಂದವನಿಗೂ ಒಂದೇ ಮುದ್ರೆ, ಸಾಮಾನ್ಯವಾಗಿ ಆರು ತಿಂಗಳು. ಹೀಗಾಗಿ ಮೊದಲ ಆರು ತಿಂಗಳು ಹೆಣ್ಣಿನ ಕಡೆಯವರು, ಅನಂತರ ಗಂಡಿನ ಕಡೆಯವರು ಎಂಬ ಸರದಿಯೇ ಅನೇಕ ಮನೆಗಳಲ್ಲಿ ರೂಢಿಗೆ ಬಂದಿತು. 2001ರ ಸೆಪ್ಟೆಂಬರ್ ದಾಳಿಯ ತರುವಾಯ, 2002ರಲ್ಲಿ, ಈ ಕನಿಷ್ಠ ಆರು ತಿಂಗಳ ನಿಯಮವನ್ನೇ ತೆಗೆದುಹಾಕುವ ಪ್ರಸ್ತಾವವೊಂದು ಬಂದಿತ್ತು, ಅದು ಜಾರಿಯಾಗಲಿಲ್ಲ.

ಇಲ್ಲಿ ಹಿರಿಯರು ಎಡವುವ ಸ್ಥಳವೊಂದಿದೆ. ವೀಸಾದ ಮೇಲೆ ಹತ್ತು ವರ್ಷವೆಂದಿದ್ದರೂ ಅದು ಬಾಗಿಲು ತಟ್ಟುವ ಅನುಮತಿ ಮಾತ್ರ. ಒಳಗೆ ಎಷ್ಟು ದಿನ ಇರಬಹುದೆಂಬುದು ಗಡಿಯ ಅಧಿಕಾರಿ ಐ-94 ದಾಖಲೆಯಲ್ಲಿ ನಮೂದಿಸುವ ದಿನಾಂಕದಿಂದ ನಿರ್ಧಾರವಾಗುತ್ತದೆ. ಹೆಚ್ಚು ಕಾಲ ಉಳಿಯಬೇಕಾದರೆ ಆ ದಿನಾಂಕಕ್ಕೆ ಮುಂಚೆಯೇ ಐ-539 ಅರ್ಜಿ ಸಲ್ಲಿಸಿ, ಕಾರಣವನ್ನೂ ಖರ್ಚಿನ ಏರ್ಪಾಟನ್ನೂ ತೋರಿಸಬೇಕು. ಕೆನಡಾಕ್ಕೆ ಹೋಗಿ ಬಂದರೆ ಹೊಸ ಆರು ತಿಂಗಳು ಸಿಗುತ್ತದೆಂಬ ನಂಬಿಕೆಯೂ ಉಂಟು. ಮೂವತ್ತು ದಿನಗಳೊಳಗೆ ಮರಳಿದವರಿಗೆ ಸಾಮಾನ್ಯವಾಗಿ ಹಳೆಯ ದಿನಾಂಕವೇ ಮುಂದುವರಿಯುತ್ತದೆ. ಕೆನಡಾದ ವೀಸಾ ಬೇರೆ ಬೇಕು.

ಅವಧಿ ಮೀರಿದರೆ ಆ ವೀಸಾ ರದ್ದಾಗುತ್ತದೆ. 1996ರ ಕಾನೂನಿನಂತೆ, 180 ದಿನಗಳಿಗಿಂತ ಹೆಚ್ಚು ಅಕ್ರಮವಾಗಿ ಉಳಿದು ಹೊರಟವರಿಗೆ ಮೂರು ವರ್ಷ, ಒಂದು ವರ್ಷ ಮೀರಿದವರಿಗೆ ಹತ್ತು ವರ್ಷ ಪ್ರವೇಶ ನಿಷಿದ್ಧ. ಎಪ್ಪತ್ತು ದಾಟಿದ ತಾಯಿಗೆ ಹತ್ತು ವರ್ಷವೆಂದರೆ ಏನರ್ಥವೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಈ ದಿನಾಂಕದ ಭಾರ 2020ರಲ್ಲಿ ಎಲ್ಲರಿಗೂ ತಿಳಿಯಿತು. ಮಾರ್ಚ್ ತಿಂಗಳಲ್ಲಿ ಭಾರತವು ಅಂತಾರಾಷ್ಟ್ರೀಯ ವಿಮಾನಗಳನ್ನು ನಿಲ್ಲಿಸಿದಾಗ, ಮಕ್ಕಳ ಮನೆಯಲ್ಲಿದ್ದ ಹಿರಿಯರು ಅಲ್ಲಿಯೇ ಉಳಿದರು. ಊರಿನಿಂದ ತಂದ ರಕ್ತದೊತ್ತಡದ ಮಾತ್ರೆ ಮುಗಿಯುತ್ತ ಬಂತು, ವಿಮೆಯ ಅವಧಿಯೂ ತೀರುತ್ತಿತ್ತು. ಬರಲು ವಿಮಾನವಿಲ್ಲ, ಇರಲು ದಿನವಿಲ್ಲ. ಮೇ 7ರಂದು ವಂದೇ ಭಾರತ್ ವಿಮಾನಗಳು ಆರಂಭವಾದವು. ಸಾಮಾನ್ಯ ಸಂಚಾರ ಮರಳಿದ್ದು 2022ರ ಮಾರ್ಚ್ 27ರಂದು. ಸಕಾಲಕ್ಕೆ ಅರ್ಜಿ ಹಾಕಿದವರು ಆ ದಿನಗಳನ್ನು ನಿಶ್ಚಿಂತೆಯಿಂದ ಕಳೆದರು.

ಮೊದಲು ಐ-94 ಎಂಬುದು ಪಾಸ್‌ಪೋರ್ಟಿಗೆ ಲಗತ್ತಿಸಿದ ಬಿಳಿಯ ಚೀಟಿಯಾಗಿತ್ತು. ಕನ್ನಡಕ ಹಾಕಿಕೊಂಡು ಯಾರಾದರೂ ಓದಬಹುದಿತ್ತು. 2013ರಿಂದ ವಿಮಾನನಿಲ್ದಾಣಗಳಲ್ಲಿ ಅದು ಗಣಕಯಂತ್ರದೊಳಕ್ಕೆ ಸರಿಯಿತು. ತಾನು ಹೊರಡಬೇಕಾದ ದಿನ ಯಾವುದೆಂದು ತಿಳಿಯಲು ಹಿರಿಯರು ಈಗ ಮಕ್ಕಳನ್ನೇ ಕೇಳಬೇಕು.

ವಿದೇಶದಲ್ಲಿರುವ ನನ್ನ ಪ್ರಿಯ ವಿದ್ಯಾರ್ಥಿಗಳಲ್ಲಿ ಆದ್ದರಿಂದ ಇಷ್ಟೇ ವಿನಂತಿ: ನಿಮ್ಮ ತಂದೆತಾಯಿಗಳು ಬಂದಿಳಿದ ವಾರದಲ್ಲೇ ಆ ದಾಖಲೆಯನ್ನು ಮುದ್ರಿಸಿ, ದಿನಾಂಕವನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಅವರ ಕೈಗೆ ಕೊಡಿರಿ. ನಿಯಮಗಳು ಬದಲಾಗುತ್ತಿರುತ್ತವೆ, ಅಧಿಕೃತ ಮೂಲದಲ್ಲಿ ನೋಡಿಕೊಳ್ಳಿರಿ. ತಮ್ಮ ಪ್ರಯಾಣದ ಲೆಕ್ಕ ಹಿರಿಯರ ಕೈಯಲ್ಲೇ ಇರುವುದು ಮರ್ಯಾದೆ.