ಒಡೆಯನ ಸಾಲ, ಒಕ್ಕಲಿನ ಹಕ್ಕು

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಬೆಟ್ಟಗಳಲ್ಲಿ ಮೇಲೆ ಕಾಫಿಯ ತೋಟ, ಕೆಳಗೆ ಗೇಣಿಯ ಗದ್ದೆ. ಬೆಲೆ ಕುಸಿದು ಒಡೆಯನ ಆಸ್ತಿ ಹರಾಜಿಗೆ ಬಂದರೆ ಒಕ್ಕಲಿನ ಗತಿಯೇನೆಂದು ನಾವು ವಿಚಾರಿಸೋಣ.

1882ರ ಸ್ವತ್ತು ವರ್ಗಾವಣೆ ಶಾಸನದ ತತ್ತ್ವದಂತೆ, ಅಡಮಾನಕ್ಕೆ ಮೊದಲೇ ಕೊಟ್ಟ ಗೇಣಿಗೆ ಸಾಲ ಕೊಟ್ಟವನೂ ಬದ್ಧನು. ಆದರೆ ಬಾಯಿಮಾತಿನ ಗೇಣಿಯನ್ನು ರುಜುವಾತುಪಡಿಸುವುದು ಸುಲಭವಲ್ಲ.

ಗದ್ದೆಯ ಮಟ್ಟಿಗೆ ಈ ತೊಡಕನ್ನು ಬಿಡಿಸಿದುದು ಭೂಸುಧಾರಣೆಯ ತಿದ್ದುಪಡಿ. 1974ರ ಮಾರ್ಚ್ 1ರಂದು ಗೇಣಿಭೂಮಿಗಳು ಋಣಭಾರ ಕಳೆದು ಸರ್ಕಾರಕ್ಕೆ ಸೇರಿದುವು. ಅರ್ಜಿಯಿತ್ತು ಸಾಗುವಳಿಯನ್ನು ಸ್ಥಾಪಿಸಿದ ಒಕ್ಕಲು ಭೂ ನ್ಯಾಯಮಂಡಳಿಯಿಂದ ಅಧಿಭೋಗದ ಹಕ್ಕನ್ನು ಪಡೆದನು. ಒಡೆಯನ ಸಾಲ ಅವನನ್ನು ಮುಟ್ಟಲಿಲ್ಲ.

ಕಾಫಿತೋಟಕ್ಕಾದರೋ ಭೂಮಿತಿಯಿಂದ ವಿನಾಯಿತಿ ದೊರೆಯಿತು. ಲೈನಿನ ಕೂಲಿಯವರಿಗೆ ವಸತಿ ಕೊಡಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆ ವಿಧಿಸಿತು. ಆ ವಸತಿ ಕೆಲಸಕ್ಕೆ ಅಂಟಿದುದು, ನೆಲಕ್ಕಲ್ಲ. ತೋಟ ಕೈಬದಲಾದಾಗ ಗದ್ದೆಯವನಿಗಿದ್ದ ನೆಮ್ಮದಿ ಲೈನಿನವನಿಗೆ ಇರಲಿಲ್ಲವೆಂಬುದನ್ನು ನಾವು ಮರೆಯಲಾಗದು.