ಪುಸ್ತಕಭಂಡಾರದ ಉಮೇದುವಾರಿ

ಹಿಂದಿನ ಕಾಲದ ಸರಕಾರಿ ಕಚೇರಿಗಳಲ್ಲಿ ಉಮೇದುವಾರರೆಂಬ ಒಂದು ವರ್ಗದವರು ಇರುತ್ತಿದ್ದರು. ಸಂಬಳವಿಲ್ಲದೆ ದಫ್ತರದ ಮೂಲೆಯಲ್ಲಿ ಕುಳಿತು, ಗುಮಾಸ್ತರು ಕೊಟ್ಟ ಕಾಗದಗಳನ್ನು ನಕಲುಮಾಡುತ್ತ, ಎಂದಾದರೊಂದು ದಿನ ಜಾಗ ಖಾಲಿಯಾದೀತೆಂಬ ನಂಬಿಕೆಯಿಂದ ದಿನಗಳನ್ನು ನೂಕುತ್ತಿದ್ದರು. ಅವರಲ್ಲಿ ಕೆಲವರು ಕೆಲಸವನ್ನು ಚೆನ್ನಾಗಿ ಕಲಿತರು. ಉಳಿದವರು ನಕಲುಮಾಡುವುದನ್ನು ಮಾತ್ರ ಕಲಿತರು. ಕಲಿಸುವ ಹೊಣೆ ಯಾರದೂ ಆಗಿರಲಿಲ್ಲವೆಂಬುದೇ ಇದಕ್ಕೆ ಕಾರಣ. ಪುಸ್ತಕಭಂಡಾರಗಳ ಮತ್ತು ದಫ್ತರಖಾನೆಗಳ ವಿದ್ಯೆಯೂ ಬಹುಕಾಲ ಹೀಗೆಯೇ ಕೈಯಿಂದ ಕೈಗೆ ಬಂದಿತು. ಇಂದು ಆ ವಿದ್ಯೆಯ ವಿದ್ಯಾರ್ಥಿಗಳು ವಿಶ್ವವಿದ್ಯಾಲಯದಲ್ಲಿ ಪಾಠ ಕೇಳುತ್ತಿರುವಾಗಲೇ, ಅನುಭವಸ್ಥರೊಬ್ಬರ ಮೇಲ್ವಿಚಾರಣೆಯಲ್ಲಿ ಗೊತ್ತಾದ ಅವಧಿಯ ಕೆಲಸವನ್ನು ಭಂಡಾರವೊಂದರಲ್ಲಿ ಮಾಡಿ, ಅದನ್ನು ವ್ಯಾಸಂಗದ ಲೆಕ್ಕಕ್ಕೆ ಜಮೆಮಾಡಿಸಿಕೊಳ್ಳುತ್ತಾರೆ. ಈ ಜಮೆಗೆ ಕ್ರೆಡಿಟ್ ಎಂದು ಹೆಸರು. ಉಮೇದುವಾರಿಯು ವ್ಯಾಸಂಗವಾಗಿ ಮಾರ್ಪಟ್ಟ ಈ ಚರಿತ್ರೆಯು ಸುಮಾರು ಇನ್ನೂರು ವರ್ಷಗಳದು. ಮಾರ್ಪಾಡು ಪೂರ್ಣವಾಯಿತೆನ್ನಲು ಈಗಲೂ ಧೈರ್ಯ ಸಾಲದು.

ಫ್ರಾನ್ಸಿನ ಮಹಾಕ್ರಾಂತಿಯಲ್ಲಿ ಮಠಗಳ ಮತ್ತು ಪ್ರಭುಮನೆತನಗಳ ಹಳೆಯ ಕಾಗದಪತ್ರಗಳು ರಾಶಿರಾಶಿಯಾಗಿ ಸರಕಾರದ ವಶಕ್ಕೆ ಬಂದವು. ಅವುಗಳ ಲಿಪಿಯನ್ನು ಓದಬಲ್ಲ ಹಳಬರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದರು. ಆದುದರಿಂದ ೧೮೨೧ರಲ್ಲಿ ಹದಿನೆಂಟನೆಯ ಲೂಯಿ ದೊರೆಯು ಪ್ಯಾರಿಸ್ಸಿನಲ್ಲಿ 'ಎಕೋಲ್ ದೆ ಶಾರ್ತ್' ಎಂಬ ಶಾಸನವಿದ್ಯಾಶಾಲೆಯನ್ನು ಸ್ಥಾಪಿಸಿದನು. ಹನ್ನೆರಡು ಮಂದಿ ವಿದ್ಯಾರ್ಥಿಗಳು. ಅವರಿಗೆ ವೇತನವೂ ಉಂಟು. ಪಾಠವು ನಡೆದುದು ರಾಜರ ಪುಸ್ತಕಭಂಡಾರದಲ್ಲಿ ಮತ್ತು ದಫ್ತರಖಾನೆಯಲ್ಲಿ, ಮೂಲಪತ್ರಗಳನ್ನೇ ಎದುರಿಗಿಟ್ಟುಕೊಂಡು. ಇಷ್ಟು ಅನುಕೂಲವಿದ್ದರೂ ಕಲಿತವರಿಗೆ ಉದ್ಯೋಗವು ದೊರೆಯದೆ ಶಾಲೆಯು ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ೧೮೨೯ರಲ್ಲಿ ಅದು ಪುನಃ ಚಿಗುರಿತು. ೧೮೫೦ರಲ್ಲಿ ಜಿಲ್ಲಾ ದಫ್ತರಖಾನೆಗಳ ಅಧಿಕಾರವನ್ನು ಅಲ್ಲಿ ಕಲಿತವರಿಗೇ ಮೀಸಲಿಟ್ಟ ಮೇಲೆ ಬೇರುಬಿಟ್ಟಿತು. ಕಚೇರಿಯ ಉಮೇದುವಾರನಿಗೆ ಕೆಲಸವಿದ್ದು ವಿದ್ಯೆಯಿರಲಿಲ್ಲ. ಪ್ಯಾರಿಸ್ಸಿನವನಿಗೆ ಮೊದಮೊದಲು ವಿದ್ಯೆಯಿದ್ದು ಕೆಲಸವಿರಲಿಲ್ಲ.

ಪುಸ್ತಕಭಂಡಾರಗಳ ವಿಷಯದಲ್ಲಿ ಈ ವಾದವು ಬಹಿರಂಗವಾಗಿ ನಡೆದುದು ಅಮೆರಿಕದಲ್ಲಿ. ದಶಾಂಶ ವರ್ಗೀಕರಣವನ್ನು ೧೮೭೬ರಲ್ಲಿ ಪ್ರಕಟಿಸಿದ್ದ ಮೆಲ್ವಿಲ್ ಡ್ಯೂಯಿಯು ೧೮೮೩ರಲ್ಲಿ, ಬಫೆಲೊ ನಗರದ ಸಮ್ಮೇಳನದ ಮುಂದೆ, ಪುಸ್ತಕಪಾಲಕರಿಗಾಗಿ ಒಂದು ಶಾಲೆ ಬೇಕೆಂಬ ಸೂಚನೆಯನ್ನಿಟ್ಟನು. ಶಿಕಾಗೊ ನಗರದ ಭಂಡಾರಿಯಾಗಿದ್ದ ಹಿರಿಯ ವಿಲಿಯಂ ಪೂಲ್ ಅದನ್ನು ಒಪ್ಪಲಿಲ್ಲ. ಒಳ್ಳೆಯ ವಿದ್ಯಾಭ್ಯಾಸವಾದವನು ಭಂಡಾರದೊಳಗೆ ದುಡಿದೇ ಕಲಿಯತಕ್ಕದ್ದು, ಬೇರೆ ದಾರಿಯಿಲ್ಲ ಎಂಬುದು ಅವನ ನಿಲುವು. ಪೂಲನನ್ನು ಹಳೆಯ ಕಾಲದವನೆಂದು ಹಾಸ್ಯಮಾಡುವುದು ಸುಲಭ. ಆದರೆ ಆ ಮಾತಿನಲ್ಲಿದ್ದ ಸತ್ಯಾಂಶವನ್ನು ಶಾಲೆಗಳು ಮುಂದೆ ಬೇರೊಂದು ಹೆಸರಿನಿಂದ ತಮ್ಮೊಳಕ್ಕೇ ತಂದುಕೊಳ್ಳಬೇಕಾಯಿತು.

ಡ್ಯೂಯಿಯ ಶಾಲೆಯು ೧೮೮೭ರ ಜನವರಿಯಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ತೆರೆಯಿತು. ಇಪ್ಪತ್ತು ವಿದ್ಯಾರ್ಥಿಗಳಲ್ಲಿ ಹದಿನೇಳು ಮಂದಿ ಸ್ತ್ರೀಯರು. ಸ್ತ್ರೀಯರಿಗೆ ಪ್ರವೇಶವಿಲ್ಲದ ಆ ಕಾಲೇಜಿನ ಧರ್ಮದರ್ಶಿಗಳು ಕೋಪಗೊಂಡು ಪಾಠದ ಕೊಠಡಿಗಳನ್ನು ನಿರಾಕರಿಸಲು, ಉಪಯೋಗದಲ್ಲಿಲ್ಲದ ಒಂದು ಉಗ್ರಾಣವನ್ನು ಗುಡಿಸಿ, ಅಲ್ಲಲ್ಲಿಂದ ಕುರ್ಚಿಮೇಜುಗಳನ್ನು ಕೂಡಿಸಿ ತರಗತಿಯನ್ನು ನಡೆಸಬೇಕಾಯಿತು. ಸೂಚೀಪತ್ರದ ಕಾರ್ಡುಗಳನ್ನು ಎಲ್ಲರೂ ಒಂದೇ ತೆರನಾದ ದುಂಡುಬರಹದಲ್ಲಿ ಬರೆಯಬೇಕೆಂಬ ಉದ್ದೇಶದಿಂದ ಕೈಬರಹವನ್ನೂ ತಿದ್ದಿಸಲಾಗುತ್ತಿದ್ದಿತು. ೧೮೮೯ರಲ್ಲಿ ಶಾಲೆಯು ಆಲ್ಬನಿಯ ರಾಜ್ಯ ಪುಸ್ತಕಭಂಡಾರಕ್ಕೆ ವರ್ಗವಾಯಿತು. ಅಲ್ಲಿ ಭಂಡಾರದ ನಿತ್ಯದ ಕೆಲಸವೇ ವಿದ್ಯಾರ್ಥಿಗಳ ಅಭ್ಯಾಸಕ್ಕೆ ಒದಗಿತು. ಬೇರೆ ಊರುಗಳ ಭಂಡಾರಗಳನ್ನು ತೋರಿಸಿಕೊಂಡು ಬರುವ ಪದ್ಧತಿಯೂ ಬೆಳೆಯಿತು. ಸ್ತ್ರೀಯರಿಗೆ ಬಾಗಿಲು ತೆರೆದ ಈ ಡ್ಯೂಯಿಯ ಮೇಲೆಯೇ ವೃತ್ತಿಯ ಸ್ತ್ರೀಯರು ೧೯೦೫ರಲ್ಲಿ ಅವನ ಅನುಚಿತ ನಡತೆಗಾಗಿ ದೂರಿತ್ತುದನ್ನೂ, ೨೦೧೯ರಲ್ಲಿ ಅಮೆರಿಕದ ಗ್ರಂಥಾಲಯ ಸಂಘವು ತನ್ನ ಪದಕವೊಂದರಿಂದ ಅವನ ಹೆಸರನ್ನು ತೆಗೆದುಹಾಕಿದುದನ್ನೂ ಇಲ್ಲಿ ಮರೆಯಲಾಗದು. ಕಲಿಯುವವರು ಕಲಿಸುವವರ ಕೃಪೆಯಲ್ಲಿರುವ ವೃತ್ತಿಯಲ್ಲಿ ಮೇಲ್ವಿಚಾರಕನ ಮೇಲೂ ಒಂದು ವಿಚಾರಣೆ ಬೇಕಾಗುತ್ತದೆ.

ಕಾರ್ಡು ಬರೆಯುವುದು, ಪುಸ್ತಕವನ್ನು ಕಪಾಟಿನಲ್ಲಿ ಜೋಡಿಸುವುದು, ಬೆನ್ನಿಗೆ ಚೀಟಿ ಅಂಟಿಸುವುದು — ಇಂಥ ಕೆಲಸದಲ್ಲಿ ಎಷ್ಟು ಪಾಲು ವಿದ್ಯೆ, ಎಷ್ಟು ಪಾಲು ಪುಕ್ಕಟೆ ಚಾಕರಿ? ಕಾರ್ನೆಗಿ ನಿಧಿಗಾಗಿ ಚಾರ್ಲ್ಸ್ ವಿಲಿಯಂಸನ್ ೧೯೨೩ರಲ್ಲಿ ಒಪ್ಪಿಸಿದ ವರದಿಯು ಈ ಪ್ರಶ್ನೆಯ ಬುಡಕ್ಕೆ ಕೈಹಾಕಿತು. ಗುಮಾಸ್ತೆಯ ಕೆಲಸ ಬೇರೆ, ಪಂಡಿತನಾದ ಪುಸ್ತಕಪಾಲಕನ ಕೆಲಸ ಬೇರೆ. ಶಾಲೆಗಳು ಎರಡನ್ನೂ ಬೆರಸಿ ಕಲಿಸುತ್ತಿವೆ. ಅವು ವಿಶ್ವವಿದ್ಯಾಲಯಗಳ ಅಂಗಗಳಾಗಬೇಕು ಎಂದು ಅದು ಸಾರಿತು. ಹೊರಗಿನ ಅಭ್ಯಾಸವು ಪಾಠದ ತೂಕವನ್ನು ಪಡೆಯುವ ದಾರಿಯು ಇದರಿಂದ ತೆರೆಯಿತು.

ಅಷ್ಟು ಹೊತ್ತಿಗೆ ಈ ವಿದ್ಯೆಯು ಭಾರತಕ್ಕೂ ಬಂದಿದ್ದಿತು. ಬರೋಡೆಯ ಸಯಾಜಿರಾವ್ ಮಹಾರಾಜರು ೧೯೧೦ರಲ್ಲಿ ಅಮೆರಿಕದಿಂದ ವಿಲಿಯಂ ಬೋರ್ಡನ್ ಎಂಬುವನನ್ನು ಕರೆಯಿಸಿದರು. ಮರುವರ್ಷವೇ ಅಲ್ಲಿ ಶಿಕ್ಷಣ ತರಗತಿಯು ಆರಂಭವಾಯಿತು. ಕಟ್ಟಡದೊಳಗೆ ಕುಳಿತು ಕಲಿತವರಿಗೆ ಕ್ಷೇತ್ರದ ಕೊರತೆಯೇನೂ ಇರಲಿಲ್ಲ. ಮರದ ಪೆಟ್ಟಿಗೆಗಳಲ್ಲಿ ಪುಸ್ತಕಗಳನ್ನು ತುಂಬಿ ಹಳ್ಳಿಹಳ್ಳಿಗೆ ಕಳುಹಿಸುವ ಸಂಚಾರೀ ಭಂಡಾರಗಳ ಏರ್ಪಾಡು ಇಡೀ ಸಂಸ್ಥಾನದಲ್ಲಿ ನಡೆಯುತ್ತಿದ್ದಿತು.

ಆದರೆ ಮೇಲ್ವಿಚಾರಣೆಯ ಕಲಿಕೆಯು ಒಬ್ಬ ಮನುಷ್ಯನನ್ನು ಹೇಗೆ ತಿದ್ದಬಲ್ಲುದೆಂಬುದಕ್ಕೆ ಶಿಯಾಳಿ ರಾಮಾಮೃತ ರಂಗನಾಥನ್ ಅವರಿಗಿಂತ ಉತ್ತಮ ನಿದರ್ಶನವು ದೊರೆಯದು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಗಣಿತಾಧ್ಯಾಪಕರಾಗಿದ್ದ ಅವರು ೧೯೨೪ರಲ್ಲಿ ವಿಶ್ವವಿದ್ಯಾಲಯದ ಪುಸ್ತಕಪಾಲಕರಾದರು. ಪಾಠ ಹೇಳಿದ ನಾಲಗೆಗೆ ಭಂಡಾರದ ಮೌನವು ಸಹಿಸದಾಯಿತು. ಕಾಲೇಜಿಗೆ ಹಿಂದಿರುಗುವೆನೆಂದು ಬೇಡಿಕೊಂಡರು. ಇಂಗ್ಲೆಂಡಿಗೆ ಹೋಗಿ ಕಲಿತುಬಂದ ಮೇಲೂ ಮನಸ್ಸು ಹಿಡಿಯದಿದ್ದರೆ ಹಿಂದಿರುಗಬಹುದೆಂಬ ಒಪ್ಪಂದದ ಮೇಲೆ ಹಡಗು ಹತ್ತಿದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಶಾಲೆಯಲ್ಲಿ ವರ್ಗೀಕರಣವನ್ನು ಬೋಧಿಸುತ್ತಿದ್ದ ಬರ್ವಿಕ್ ಸೇಯರ್ಸನು ಕ್ರಾಯ್ಡನ್ ನಗರದ ಪುಸ್ತಕಪಾಲಕನೂ ಆಗಿದ್ದನು. ಅವನು ಈ ಶಿಷ್ಯನನ್ನು ತನ್ನ ಭಂಡಾರದೊಳಕ್ಕೇ ಬಿಟ್ಟುಕೊಂಡು, ಕೆಲಸವು ನಡೆಯುವ ಬಗೆಯನ್ನು ತೋರಿಸಿ, ಬಳಿಕ ನಾಡಿನ ಬೇರೆ ಭಂಡಾರಗಳಿಗೂ ಕಳುಹಿಸಿದನು. ರಂಗನಾಥನ್ ಅವರು ನೂರಕ್ಕಿಂತ ಹೆಚ್ಚು ಭಂಡಾರಗಳನ್ನು ನೋಡಿದರು. ಒಂದೊಂದು ಕಡೆ ಒಂದೊಂದು ಪದ್ಧತಿ. ಒಂದು ಕಡೆ ಮಕ್ಕಳಿಗೆ ಆದರ, ಇನ್ನೊಂದು ಕಡೆ ಉಪೇಕ್ಷೆ. ಇಷ್ಟೆಲ್ಲಕ್ಕೂ ಆಧಾರವಾದ ತತ್ವವಾವುದು ಎಂಬ ಚಿಂತೆಯು ಅಲ್ಲಿ ಹುಟ್ಟಿತು. ಅಂಗಡಿಯೊಂದರಲ್ಲಿ ಕಂಡ ಮೆಕ್ಯಾನೊ ಆಟಿಕೆಯ ತುಂಡುಗಳಿಂದ ಬಗೆಬಗೆಯ ಆಕೃತಿಗಳು ಏಳುವುದನ್ನು ನೋಡಿ ವರ್ಗೀಕರಣದ ಹೊಸ ಹೊಳಹು ದೊರೆಯಿತೆಂಬುದು ಪ್ರಸಿದ್ಧವಾದ ಸಂಗತಿ. ೧೯೨೫ರಲ್ಲಿ ತಿರುಗಿಬಂದವರು ಕಾಲೇಜಿನ ಮಾತೆತ್ತಲಿಲ್ಲ. ಐದು ಸೂತ್ರಗಳ ಗ್ರಂಥವು ೧೯೩೧ರಲ್ಲಿ, ಕೋಲನ್ ವರ್ಗೀಕರಣವು ೧೯೩೩ರಲ್ಲಿ ಹೊರಬಂದವು.

ಸೇಯರ್ಸನು ಅವರಿಂದ ಕಾರ್ಡುಗಳನ್ನು ಬರೆಯಿಸಿಕೊಂಡು ತನ್ನ ಕೆಲಸವನ್ನು ಹಗುರಮಾಡಿಕೊಳ್ಳಬಹುದಾಗಿದ್ದಿತು. ಹಾಗೆ ಮಾಡಲಿಲ್ಲವೆಂಬುದರಲ್ಲೇ ಗುರುವಿನ ಹಿರಿಮೆ ಇದೆ.

ಮದರಾಸಿನಲ್ಲಿ ೧೯೨೯ರಲ್ಲಿ ಗ್ರಂಥಾಲಯ ಸಂಘವು ಬೇಸಗೆಯ ಶಾಲೆಯೊಂದನ್ನು ತೆರೆಯಿತು. ೧೯೩೧ರಲ್ಲಿ ವಿಶ್ವವಿದ್ಯಾಲಯವು ಅದನ್ನು ವಹಿಸಿಕೊಂಡಿತು. ೧೯೩೭ರಲ್ಲಿ ಅದು ಪದವೀಧರರ ಡಿಪ್ಲೊಮಾ ಆಯಿತು. ರಂಗನಾಥನ್ ಅವರ ಕೊನೆಯ ವರ್ಷಗಳು ಬೆಂಗಳೂರಿನಲ್ಲಿ ಕಳೆದವು. ೧೯೬೨ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಅಲ್ಲಿ ಅವರು ಆರಂಭಿಸಿದ ಪ್ರಲೇಖನ ಸಂಶೋಧನ ಮತ್ತು ಶಿಕ್ಷಣ ಕೇಂದ್ರವು ಕನ್ನಡನಾಡಿಗೆ ಈ ಪರಂಪರೆಯ ನೇರವಾದ ಕೊಡುಗೆ.

ಈಗಿನ ಏರ್ಪಾಡಿನಲ್ಲಿ ಕೆಲಸಕ್ಕೆ ಮೊದಲೇ ವಿದ್ಯಾರ್ಥಿ, ಅಧ್ಯಾಪಕ, ಭಂಡಾರದ ಮೇಲ್ವಿಚಾರಕ ಮೂವರೂ ಕೂಡಿ ಕಲಿಯತಕ್ಕುದೇನೆಂಬುದನ್ನು ಬರೆದುಕೊಳ್ಳುವರು. ಅಮೆರಿಕದ ಅನೇಕ ಶಾಲೆಗಳಲ್ಲಿ ನೂರಕ್ಕೂ ಮೀರಿದ ಘಂಟೆಗಳ ದುಡಿಮೆಗೆ ಮೂರು ಕ್ರೆಡಿಟ್ಟುಗಳು. ಹಳೆಯ ಉಮೇದುವಾರಿಯ ನೆರಳು ಬೀಳುವುದು ಇಲ್ಲಿಯೇ. ಕ್ರೆಡಿಟ್ಟಿಗಾಗಿ ವಿದ್ಯಾರ್ಥಿಯು ಶಾಲೆಗೆ ಶುಲ್ಕವನ್ನು ತೆರುತ್ತಾನೆ; ಭಂಡಾರವು ಅವನಿಗೆ ಕೂಲಿಯನ್ನು ಕೊಡದಿರುವುದೂ ಉಂಟು. ಉಮೇದುವಾರನು ಬಿಟ್ಟಿಯಾಗಿ ದುಡಿದನು, ಇವನು ಹಣ ಕೊಟ್ಟು ದುಡಿಯುತ್ತಾನೆ. ಮನೆಯಿಂದ ಹಣ ಬರುವವನಿಗೆ ಇದು ಸಾಧ್ಯ. ಸಂಜೆ ಅಂಗಡಿಯಲ್ಲಿ ನಿಂತು ಓದಿನ ಖರ್ಚನ್ನು ಸಂಪಾದಿಸುವವನಿಗೆ ಕಷ್ಟ. ಆದುದರಿಂದಲೇ ಕೆಲವು ಸಂಸ್ಥೆಗಳು ಗೌರವಧನವನ್ನು ಕೊಡಲು ಆರಂಭಿಸಿವೆ. ೧೮೨೧ರ ಪ್ಯಾರಿಸ್ಸಿನಲ್ಲಿ ಹನ್ನೆರಡು ಮಂದಿಗೆ ಸಲ್ಲುತ್ತಿದ್ದುದು ಇವರಿಗೆ ಹೊಸ ವಿಚಾರವಾಗಿ ತೋರಿದೆ.

ಕೆಲಸವು ಸರಿಯಾಗಿ ನಡೆದ ಕಡೆ ಅದರ ಗುರುತು ಉಳಿಯುತ್ತದೆ. ದಫ್ತರಖಾನೆಯಲ್ಲಿ ವಿದ್ಯಾರ್ಥಿಯ ಮುಂದೆ ಒಂದು ಮನೆತನದ ಕಾಗದಗಳ ಪೆಟ್ಟಿಗೆಯನ್ನಿಡುತ್ತಾರೆ. ತುಕ್ಕುಹಿಡಿದ ಗುಂಡುಸೂಜಿಗಳನ್ನು ತೆಗೆದು, ಮಡಿಕೆಗಳನ್ನು ಬಿಡಿಸಿ, ಮೂಲದ ಕ್ರಮವನ್ನು ಕೆಡಿಸದೆ ಹೊಸ ಲಕ್ಕೋಟೆಗಳಿಗೆ ಸೇರಿಸಿ, ಯಾರು ಯಾರಿಗೆ ಯಾವ ವರ್ಷ ಬರೆದರೆಂಬ ವಿವರಣಪಟ್ಟಿಯನ್ನು ಅವನು ಸಿದ್ಧಪಡಿಸುತ್ತಾನೆ; ಮೇಲ್ವಿಚಾರಕನು ಸಾಲುಸಾಲಾಗಿ ತಿದ್ದುತ್ತಾನೆ. ವಿದ್ಯಾರ್ಥಿಯು ಪದವಿಯನ್ನು ಪಡೆದು ಬೇರೆ ಊರಿಗೆ ಹೋದ ಎಷ್ಟೋ ವರ್ಷಗಳ ಮೇಲೆ ಆ ಪೆಟ್ಟಿಗೆಯನ್ನು ಕೇಳಿಕೊಂಡು ಬಂದ ಸಂಶೋಧಕನ ಕೈಗೆ ಮೊದಲು ಕೊಡುವುದು ಆ ಪಟ್ಟಿಯನ್ನೇ.